ಏಳು ಬರಿ, ಕೈಲಿ ಒಂದು

ಟಿ.ವಿ. ಚರ್ಚೆಗಳಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಎದುರಿನವರ ಮಾತು ಅರ್ಧದಲ್ಲಿರುವಾಗಲೇ ಅಂಗೈ ಎತ್ತಿ, "ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಸಾರ್? ಒಂದೂ ಒಂದೂ ಎರಡು. ಸಿಂಪಲ್ ಲೆಕ್ಕ" ಅಂದು ಕುರ್ಚಿಗೆ ಒರಗುವವರು. ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿಯೇ ಜೇಬಿನ ಕಡೆ ಹೋಗುತ್ತದೆ. ಕಲನಶಾಸ್ತ್ರ ಬಳಸಿ ನಮ್ಮೂರಲ್ಲಿ ಯಾರೂ ಯಾರ ಸೈಟನ್ನೂ ಹೊಡೆದುಕೊಂಡಿಲ್ಲ. ತ್ರಿಕೋನಮಿತಿಯಿಂದ ಸರ್ಕಾರ ಬಿದ್ದದ್ದಿಲ್ಲ. ಆಗಿರುವುದೆಲ್ಲ ಕೂಡುವ ಲೆಕ್ಕದಲ್ಲೇ. ಅದೂ ಒಂದನೇ ಕ್ಲಾಸಿನ, ಬೆರಳು ಮಡಚಿ ಮಾಡುವ ಲೆಕ್ಕದಲ್ಲಿ.

ಈ ಸಿಂಪಲ್ ಲೆಕ್ಕವನ್ನು ನಂಬದೆ, ಕೂತು ನಿಜಕ್ಕೂ ಪರೀಕ್ಷಿಸಿದವರು ಇಂಗ್ಲೆಂಡಿನ ಇಬ್ಬರು. ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್, ಬರ್ಟ್ರಂಡ್ ರಸೆಲ್. ಹತ್ತು ವರ್ಷ ದುಡಿದು 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ' ಎಂಬ ಮೂರು ಸಂಪುಟಗಳ ಗ್ರಂಥ ಬರೆದರು. 1910ರಲ್ಲಿ ಮೊದಲ ಸಂಪುಟ ಬಂತು, 1913ರಲ್ಲಿ ಕೊನೆಯದು. ಪುಟ ತಿರುವಿದರೆ ಅಕ್ಷರಕ್ಕಿಂತ ಚುಕ್ಕೆ, ಕೊಕ್ಕೆ, ಮಗುಚಿದ ಗುರುತುಗಳೇ ಜಾಸ್ತಿ. ಮೊದಲ ಸಂಪುಟದ 379ನೇ ಪುಟಕ್ಕೆ ಬಂದಾಗ ಒಂದು ವಾಕ್ಯ ಸಿಗುತ್ತದೆ. ಒಂದೂ ಒಂದೂ ಎರಡು ಅನ್ನುವುದು ಇದರಿಂದ ಮುಂದೆ ಸಿದ್ಧವಾಗುತ್ತದೆ, ಆದರೆ ಕೂಡುವುದು ಎಂದರೇನು ಎಂದು ಇನ್ನೂ ಹೇಳಬೇಕಿದೆ ಎಂಬ ಅರ್ಥದ್ದು. ಅಂದರೆ 379 ಪುಟಗಳ ನಂತರ ನಡೆದದ್ದು ಶಂಕುಸ್ಥಾಪನೆ ಮಾತ್ರ. ಕಾಮಗಾರಿ ಮುಗಿದದ್ದು 1912ರ ಎರಡನೇ ಸಂಪುಟದಲ್ಲಿ. ಅಲ್ಲಿ ಸಾಧನೆಯ ಕೆಳಗೆ ಲೇಖಕರು ಗಂಭೀರವಾಗಿಯೇ ಒಂದು ಟಿಪ್ಪಣಿ ಸೇರಿಸಿದ್ದಾರೆ: ಈ ಫಲಿತಾಂಶ ಆಗೀಗ ಉಪಯೋಗಕ್ಕೆ ಬರುತ್ತದಂತೆ.

ಹಣದ ಕಥೆ ಇನ್ನೂ ಚೆನ್ನಾಗಿದೆ. ಪುಸ್ತಕ ಅಚ್ಚು ಹಾಕಿದರೆ ಆರುನೂರು ಪೌಂಡ್ ನಷ್ಟ ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಅಂದಾಜು ಮಾಡಿತು. ಮುನ್ನೂರು ತಾನು ಹೊರುತ್ತೇನೆ ಅಂದಿತು. ರಾಯಲ್ ಸೊಸೈಟಿ ಇನ್ನೂರು ಕೊಟ್ಟಿತು. ಉಳಿದ ನೂರನ್ನು ಇಬ್ಬರು ಲೇಖಕರೂ ತಲಾ ಐವತ್ತರಂತೆ ಕೈಯಿಂದ ಹಾಕಿದರು. ಐವತ್ತೂ ಐವತ್ತೂ ನೂರು ಅನ್ನುವುದಕ್ಕೆ ಮಾತ್ರ ಯಾರೂ ಸಾಧನೆ ಕೇಳಲಿಲ್ಲ. ದುಡ್ಡು ಕೊಡುವ ಜಾಗದಲ್ಲಿ ತತ್ವಜ್ಞಾನಿಗಳೂ ನಮ್ಮ ಹಾಗೆಯೇ.

ನಮ್ಮ ಕಡೆಯವರು ಈ ವಿಷಯದಲ್ಲಿ ಸಾವಿರದ ನೂರು ವರ್ಷ ಮುಂಚೆಯೇ ಕೈ ತೊಳೆದುಕೊಂಡಿದ್ದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗಣಿತದ ಎಂಟು ಪರಿಕರ್ಮಗಳನ್ನು ಅವನು ಎಣಿಸುವುದು ಗುಣಾಕಾರದಿಂದ. ಸಾಲುಸಾಲು ಸಂಖ್ಯೆಗಳ ಶ್ರೇಢಿಯನ್ನು ಕೂಡುವ ವಿಧಾನ ಅಲ್ಲಿದೆ, ಆದರೆ ಎರಡು ಸಂಖ್ಯೆ ಕೂಡುವ ಬರಿಯ ಸಂಕಲನಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಅದನ್ನೂ ಹೇಳಿಕೊಡಬೇಕೇ, ಬಲ್ಲವರೇ ಓದುತ್ತಾರಲ್ಲ ಎಂದು ಬಿಟ್ಟಿರಬೇಕು. ಕನ್ನಡನಾಡಿನ ಪ್ರಜೆಗಳ ಮೇಲೆ ಇಟ್ಟ ಅಷ್ಟು ದೊಡ್ಡ ನಂಬಿಕೆಯನ್ನು ನಾವು ಹೇಗೆ ಉಳಿಸಿಕೊಂಡೆವು ಎಂದು ನೋಡಲು ದೂರ ಹೋಗಬೇಕಿಲ್ಲ. ವಿಧಾನಸೌಧದ ತನಕ ಹೋದರೆ ಸಾಕು. ಅಲ್ಲಿಗೆ ಆಮೇಲೆ ಬರೋಣ. ಮೊದಲು ಊಟ.

ಮದುವೆ ಮನೆಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಒಂದು ದೃಶ್ಯ ನಡೆಯುತ್ತದೆ, ಆಲ್ಬಮ್ಮಿನಲ್ಲಿ ಅದರ ಫೋಟೋ ಇರುವುದಿಲ್ಲ. ವಾಲಗದವರು ಕಟ್ಟಿಕೊಂಡು ಹೊರಟಿರುತ್ತಾರೆ. ಬೀಗರ ಕಡೆಯವರು ಬಸ್ಸು ಹತ್ತಿರುತ್ತಾರೆ. ಉಗ್ರಾಣದ ಬಾಗಿಲ ಬಳಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಹೆಣ್ಣಿನ ತಂದೆ, ಇನ್ನೊಂದರಲ್ಲಿ ಅಡುಗೆ ಕಂಟ್ರ್ಯಾಕ್ಟ್ ಹಿಡಿದ ಭಟ್ಟರು. ಮಧ್ಯೆ ಎಣ್ಣೆ ಬಿದ್ದು ಪಾರದರ್ಶಕವಾಗಿರುವ ಒಂದು ಚೀಟಿ.

"ಭಟ್ರೇ, ಆರುನೂರ ನಲವತ್ತು ಎಲೆ ಹೇಗಾಯ್ತು? ನಾನು ಹೇಳಿದ್ದು ಐನೂರ ಐವತ್ತಕ್ಕೆ."

"ರಾಯರೇ, ಹೇಳಿದ್ದು ನೀವು. ಊಟ ಮಾಡಿದ್ದು ಅವರು."

ಇಲ್ಲಿಂದ ಶುರುವಾಗುತ್ತದೆ ನಿಜವಾದ ತತ್ವಶಾಸ್ತ್ರ. ಮೂರನೇ ಪಂಕ್ತಿಯಲ್ಲಿ ಎಲೆ ಹಾಕಿದ್ದರು, ನೀರು ಚಿಮುಕಿಸಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿದ್ದರು, ಆದರೆ ಆ ನಾಲ್ಕು ಜಾಗಕ್ಕೆ ಯಾರೂ ಬಂದು ಕೂರಲಿಲ್ಲ. ಅದು ನಾಲ್ಕು ಎಲೆಯೇ, ಸೊನ್ನೆಯೇ? ಸೋದರಮಾವ ಮೊದಲ ಪಂಕ್ತಿಯಲ್ಲಿ ಉಂಡ. ಆಮೇಲೆ ಹುಬ್ಬಳ್ಳಿಯಿಂದ ಗೆಳೆಯ ಬಂದನೆಂದು ಅವನ ಜೊತೆಗೆ ಇನ್ನೊಂದು ಸಲ ಕೂತು, ಹೋಳಿಗೆಯನ್ನು ಮಾತ್ರ ಮುಟ್ಟಿದ. ಮಾವ ಒಬ್ಬನೇ, ಎಲೆ ಎರಡು. ಮೂರು ವರ್ಷದ ಮಗು ತನ್ನದೇ ಎಲೆ ಬೇಕೆಂದು ಹಟ ಮಾಡಿ, ಹಾಕಿಸಿಕೊಂಡು, ಹಪ್ಪಳ ಮುರಿದು ಎದ್ದುಹೋಯಿತು. ಮಗುವಿಗೆ ಅರ್ಧ ಎಲೆ ಎಂದು ಮೊದಲೇ ಮಾತಾಗಿತ್ತು ಅನ್ನುತ್ತಾರೆ ತಂದೆ. ಅರ್ಧ ಎಲೆ ಹಾಕುವುದು ಹೇಗೆ, ಹರಿದು ಹಾಕಲೇ ಅನ್ನುತ್ತಾರೆ ಭಟ್ಟರು. ವಿಡಿಯೋದವರು ನಾಲ್ಕು ಜನ. ಅವರು ಯಾರ ಲೆಕ್ಕಕ್ಕೆ? ಮಂಟಪದ ಹೊರಗೆ ಕಾರಿಗೆ ಒರಗಿ ನಿಂತ ಡ್ರೈವರುಗಳು? ಪಕ್ಕದ ಮಂಟಪದ ಮದುವೆಗೆಂದು ಬಂದು, ಇಲ್ಲಿ ಉಂಡು, ಇಲ್ಲಿನ ವಧೂವರರಿಗೇ ಅಕ್ಷತೆ ಹಾಕಿ ಹೋದ ದಂಪತಿ?

ಇವರಿಬ್ಬರೂ ಒಂದು ಸಲವೂ ಕೂಡುವುದರಲ್ಲಿ ತಪ್ಪುವುದಿಲ್ಲ. ಇಬ್ಬರೂ ಹಾಕಿದ ಮೊತ್ತ ಸರಿಯೇ. ಜಗಳವಿರುವುದು ಒಂದು ಅಂದರೆ ಯಾವುದು ಎಂಬಲ್ಲಿ. ಜರ್ಮನಿಯ ಗಾಟ್‌ಲೋಬ್ ಫ್ರೇಗೆ 1884ರಲ್ಲಿ ಅಂಕಗಣಿತದ ಬುನಾದಿಯ ಬಗ್ಗೆ ಬರೆದ ಪುಸ್ತಕದಲ್ಲಿ ಕೇಳಿದ್ದು ಇದನ್ನೇ. ಇಸ್ಪೀಟಿನ ಕಟ್ಟನ್ನು ಕೈಗೆ ಕೊಟ್ಟು ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಒಂದು ಕಟ್ಟು, ಐವತ್ತೆರಡು ಎಲೆ. ಎಷ್ಟು ಎನ್ನುವುದು ವಸ್ತುವಿಗೆ ಅಂಟಿಕೊಂಡು ಬರುವುದಿಲ್ಲ, ಯಾವುದರ ಲೆಕ್ಕ ಎಂದು ನಾವು ಮೊದಲು ಗೊತ್ತು ಮಾಡಬೇಕು. ಹೆಣ್ಣಿನ ತಂದೆ ಎಣಿಸುತ್ತಿರುವುದು ನೆಂಟರನ್ನು. ಭಟ್ಟರು ಎಣಿಸುತ್ತಿರುವುದು ಎಲೆಗಳನ್ನು. ಫ್ರೇಗೆ ಈ ಮಂಟಪಕ್ಕೆ ಬಂದಿದ್ದರೆ ಭಟ್ಟರ ಪಕ್ಷ ವಹಿಸುತ್ತಿದ್ದರೋ ಏನೋ, ಆದರೆ ಅವರ ಎಲೆಯೂ ಲೆಕ್ಕಕ್ಕೆ ಸೇರುತ್ತಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ.

ಫ್ರೇಗೆಯದು ಮಾತ್ರ ನೋವಿನ ಕಥೆ. ಇಡೀ ಅಂಕಗಣಿತವನ್ನು ತರ್ಕದ ಮೇಲೆ ಕಟ್ಟುತ್ತೇನೆಂದು ದಶಕಗಳ ಕಾಲ ದುಡಿದು, ಮಹಾಗ್ರಂಥದ ಎರಡನೇ ಸಂಪುಟ ಅಚ್ಚಿನಲ್ಲಿರುವಾಗ, 1902ರ ಜೂನ್‌ನಲ್ಲಿ ರಸೆಲ್‌ನಿಂದ ಒಂದು ಕಾಗದ ಬಂತು. ತುಂಬ ವಿನಯದ ಕಾಗದ. ನಿಮ್ಮ ಪುಸ್ತಕ ಅದ್ಭುತವಾಗಿದೆ, ಒಂದು ಕಡೆ ಮಾತ್ರ ಸ್ವಲ್ಪ ತೊಂದರೆ ಕಾಣುತ್ತಿದೆ ಎಂಬ ಧಾಟಿಯದು. ಆ ಸ್ವಲ್ಪ ತೊಂದರೆ ಅಂದರೆ ಇಡೀ ಕಟ್ಟಡದ ಅಡಿಗಲ್ಲು. ಫ್ರೇಗೆ ಅದನ್ನು ಮುಚ್ಚಿಡಲಿಲ್ಲ. ಪುಸ್ತಕದ ಕೊನೆಯಲ್ಲಿ ಅನುಬಂಧ ಸೇರಿಸಿ, ತನ್ನ ಬುನಾದಿ ಕುಸಿದಿದೆ ಎಂದು ತಾನೇ ಒಪ್ಪಿಕೊಂಡರು. ನಮ್ಮಲ್ಲಿ ಸೇತುವೆ ಬಿದ್ದಾಗ ಇಂಥ ಅನುಬಂಧ ಬರೆದ ಎಂಜಿನಿಯರ್ ಇದ್ದರೆ ಅವರ ಹೆಸರನ್ನು ಒಂದು ರಸ್ತೆಗೆ ಇಡಬಹುದು. ಆ ರಸ್ತೆಯ ಬಿಲ್ಲನ್ನು ಬೇರೆಯವರು ಬರೆಯುತ್ತಾರೆ.

ಭಟ್ಟರ ಪ್ರಕರಣ ಇಷ್ಟು ಎಳೆಯಲಿಲ್ಲ. ಆರುನೂರಕ್ಕೆ ಒಪ್ಪಂದವಾಯಿತು. ಉಳಿದ ಹೋಳಿಗೆಯನ್ನು ಎರಡು ದೊಡ್ಡ ಡಬ್ಬಿಗೆ ತುಂಬಿ ಮನೆಗೆ ಕಳಿಸುವುದೆಂದೂ, ಭಟ್ಟರ ಹುಡುಗರಿಗೆ ಒಂದೊಂದು ಪಂಚೆ ಕೊಡುವುದೆಂದೂ ತೀರ್ಮಾನವಾಗಿ ಇಬ್ಬರೂ ಗೆದ್ದೆವೆಂದುಕೊಂಡು ಎದ್ದರು. ಆರುನೂರು ಅನ್ನುವ ಸಂಖ್ಯೆ ನೆಂಟರದ್ದೂ ಅಲ್ಲ, ಎಲೆಯದ್ದೂ ಅಲ್ಲ.

ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಕೂಡುವುದನ್ನು ಹೇಳಿಕೊಟ್ಟ ರಾಗ ನಿಮಗೂ ನೆನಪಿರಬೇಕು. ಒಂಬತ್ತೂ ಎಂಟೂ ಹದಿನೇಳು, ಏಳು ಬರಿ, ಕೈಲಿ ಒಂದು. ಆ ಕೈಲಿರುವ ಒಂದನ್ನು ಮುಂದಿನ ಮನೆಗೆ ಕೊಡಲೇಬೇಕು. ಕೊಡದೆ ಮರೆತರೆ ಮೇಷ್ಟ್ರು ಅದೇ ಕೈಗೆ ಕೊಡುತ್ತಿದ್ದರು. ಈ ಪಾಠವನ್ನು ಅತ್ಯಂತ ಶ್ರದ್ಧೆಯಿಂದ ಪಾಲಿಸುತ್ತಿರುವುದು ಕಾಮಗಾರಿ ಇಲಾಖೆಗಳು. ಬಿಡಿ ಸ್ಥಾನದಲ್ಲಿ ಕೂತವರು ಏಳು ಬರೆದು ಒಂದನ್ನು ಕೈಲಿ ಇಟ್ಟುಕೊಳ್ಳುತ್ತಾರೆ, ಹತ್ತರ ಸ್ಥಾನದವರಿಗೆ ದಾಟಿಸುತ್ತಾರೆ. ಅವರೂ ಮೇಲಿನ ಸ್ಥಾನಕ್ಕೆ. ದಶಕ ಯಾವತ್ತೂ ಎಡಕ್ಕೆ, ಮೇಲಿನ ಸ್ಥಾನಕ್ಕೇ ಹೋಗಬೇಕಲ್ಲದೆ ಕೆಳಕ್ಕೆ ಇಳಿಯಬಾರದು ಅನ್ನುವುದು ಗಣಿತದ ನಿಯಮ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ನೂರಕ್ಕೆ ನಲವತ್ತರವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ಆರೋಪಿಸಿತ್ತು. ಆಗ ಎದ್ದ ಚರ್ಚೆ ನಿಮಗೆ ಗೊತ್ತಿದೆ. ನಲವತ್ತೋ, ಇಪ್ಪತ್ತೋ, ಯಾರ ಕಾಲದಲ್ಲಿ ಎಷ್ಟೋ ಎಂದು ಎಲ್ಲ ಪಕ್ಷದವರೂ ಜಗಳವಾಡಿದರು. ಉಳಿದ ಅರವತ್ತರಲ್ಲಿ ರಸ್ತೆ ಹಾಕುವುದು ಹೇಗೆ ಎಂದು ಕೇಳಿದವರು ಬೈಕಿನವರು ಮಾತ್ರ. ಅವರು ಕೇಳಿದ್ದು ಗುಂಡಿಯಿಂದ ಎದ್ದ ಮೇಲೆ.

ಕಂಪನಿಗಳ ದಾರಿ ಬೇರೆ. ಅವರಿಗೆ ಒಂದೂ ಒಂದೂ ಎರಡಾದರೆ ನಾಚಿಕೆ. ಎರಡು ಕಂಪನಿ ಸೇರುವ ದಿನ ಪರದೆಯ ಮೇಲೆ 1+1=3 ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಕೆಳಗೆ ಸಿನರ್ಜಿ ಎಂದಿರುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ಮೂರನೇ ಒಂದು ಭಾಗ ಜನರಿಗೆ ಮುಂದಿನ ವಾರ ಎಚ್‌ಆರ್‌ನವರಿಂದ ಮೇಲ್ ಬರುತ್ತದೆ. ವೇದಿಕೆಯ ರಾಜಕಾರಣಿಗೆ ಮೂರೂ ಸಾಲದು, ಒಂದೂ ಒಂದೂ ಹನ್ನೊಂದು ಅನ್ನುತ್ತಾರೆ. ಪಕ್ಕಪಕ್ಕ ನಿಂತು ಕೈ ಮೇಲೆತ್ತಿ ಫೋಟೋ ತೆಗೆಸಿಕೊಂಡರೆ ಹನ್ನೊಂದೇ. ಹತ್ತಿರ ನಿಂತದ್ದಕ್ಕೆ ಕೂಡಿದ್ದು ಅನ್ನುವುದಾದರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಆರಕ್ಕೆ ಇರುವ ಮೊತ್ತವನ್ನು ಓದುವುದಕ್ಕೆ ಭಾಷೆಯಲ್ಲಿ ಪದವಿಲ್ಲ. ನಿಜವಾಗಿ ಬೆರೆತರೆ ಏನಾಗುತ್ತದೆ ಎಂದು ರಸಾಯನಶಾಸ್ತ್ರದವರನ್ನು ಕೇಳಬೇಕು. ಐವತ್ತು ಮಿಲಿ ನೀರಿಗೆ ಐವತ್ತು ಮಿಲಿ ಶುದ್ಧ ಆಲ್ಕೊಹಾಲ್ ಹಾಕಿದರೆ ನೂರಾಗುವುದಿಲ್ಲ, ಮೂರು ನಾಲ್ಕು ಮಿಲಿ ಕಡಿಮೆಯೇ ಬರುತ್ತದೆ. ಎರಡರ ಅಣುಗಳೂ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. (ಬಾರಿನವರು ಪೆಗ್ ಕಡಿಮೆ ಬಂದದ್ದಕ್ಕೆ ಈ ಕಾರಣ ಕೊಟ್ಟರೆ ಒಪ್ಪಬೇಡಿ. ಅವರು ಕಡಿಮೆ ಮಾಡುವುದು ಬೆರೆಸುವ ಮೊದಲು.)

ಒಂದೂ ಒಂದೂ ಒಂದೇ ಆಗುವ ಲೆಕ್ಕವೂ ಇದೆ. ಅದನ್ನು ಬ್ಯಾಂಕುಗಳಲ್ಲಿ ಕಲಿಸುತ್ತಾರೆ. ಹಿಂದೆ ಕನ್ನಡನಾಡು ಬ್ಯಾಂಕುಗಳನ್ನು ಹೆರುವುದರಲ್ಲಿ ಹೆಸರುವಾಸಿಯಾಗಿತ್ತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ್ದು ಕಾರ್ಪೊರೇಷನ್ ಬ್ಯಾಂಕ್. 1913ರಲ್ಲಿ ಮೈಸೂರು ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿ ಅಂದರೆ ಸಂಕಲನದ ಮಹಾಕಾವ್ಯ. ಏಜೆಂಟ್ ಪ್ರತಿದಿನ ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಇಸಿದುಕೊಳ್ಳುವನು, ಪುಸ್ತಕದಲ್ಲಿ ಬರೆಯುವನು, ಮಾರನೇ ದಿನ ಮತ್ತೆ ಎರಡಾಣೆ. ಹೂವಿನವಳು, ದರ್ಜಿ, ಕ್ಷೌರದಂಗಡಿಯವನು, ಯಾರೂ ಕೂಡಿಸಬಹುದಾದ ಲೆಕ್ಕ. ಹೀಗೆ ಎರಡೆರಡಾಣೆ ಕೂಡಿಸಿ ಕಟ್ಟಿದ್ದನ್ನು ದೆಹಲಿಯಲ್ಲಿ ಕೂತವರು ಒಂದೇ ಸಲಕ್ಕೆ ಕೂಡಿಸಿಬಿಟ್ಟರು. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಕ್ಕೆ ಹೋಯಿತು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಕ್ಕೆ. ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾದೊಳಕ್ಕೆ, ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಕ್ಕೆ. ಐದರಲ್ಲಿ ಬೋರ್ಡು ಉಳಿದದ್ದು ಒಂದರದ್ದು. ದಿನಾಂಕವನ್ನು ಗಮನಿಸಿದಿರಾ? ಆರ್ಥಿಕ ವರ್ಷದ ಆರಂಭದ ದಿನ ಎಂದು ಸಚಿವಾಲಯದವರು ವಿವರಣೆ ಕೊಡುತ್ತಾರೆ. ಏಪ್ರಿಲ್ ಒಂದು ಇನ್ನೇನೇನು ಎಂದು ಶಾಲೆ ಮಕ್ಕಳಿಗೂ ಗೊತ್ತು.

ಕರಾವಳಿಯಲ್ಲಿ ಈಗಲೂ ಹಳೆ ಗಿರಾಕಿಗಳು ಕೌಂಟರಿನಲ್ಲಿ ನಿಂತು "ನಮ್ಮದು ಸಿಂಡಿಕೇಟ್ ಖಾತೆ" ಅನ್ನುತ್ತಾರೆ. ಅತ್ತ ಕಡೆಯಿಂದ ಹಿಂದಿ ಮಾತ್ರ ಬಲ್ಲ ಹುಡುಗ ಗಾಬರಿಯಿಂದ ನೋಡುತ್ತಾನೆ. ಅವನ ಕಂಪ್ಯೂಟರಿನಲ್ಲಿ ಆ ಹೆಸರಿಲ್ಲ. ಇವರ ತಲೆಯಲ್ಲಿ ಬೇರೆ ಹೆಸರಿಲ್ಲ. ಮೊತ್ತ ಸರಿಯಾಗಿದೆ, ಪಾಸ್‌ಬುಕ್ಕಿನಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆಗಿಲ್ಲ. ಕಳೆದುಹೋದದ್ದು ಕೂಡಿಸಿದ ಸಂಖ್ಯೆಗಳಲ್ಲೊಂದು.

ಈಗ ವಿಧಾನಸೌಧ.

2018ರ ಮೇ ತಿಂಗಳಲ್ಲಿ ಮತ ಎಣಿಸಿದಾಗ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಇದರಲ್ಲಿ ದೊಡ್ಡ ಸಂಖ್ಯೆ ಯಾವುದು ಎಂದು ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ 104 ಅನ್ನುತ್ತದೆ. ಅದಕ್ಕೆ ಎರಡು ದಿನದ ಸರ್ಕಾರ ಸಿಕ್ಕಿತು. ಬಹುಮತ ಸಾಬೀತು ಮಾಡಬೇಕಾದ ದಿನ ಮುಖ್ಯಮಂತ್ರಿ ಯಡಿಯೂರಪ್ಪ ಭಾಷಣ ಮಾಡಿ ರಾಜೀನಾಮೆ ಕೊಡಲು ಎದ್ದುಹೋದರು. ಎರಡನೇ ದೊಡ್ಡ ಸಂಖ್ಯೆ 78. ಅದಕ್ಕೆ ಉಪಮುಖ್ಯಮಂತ್ರಿ ಪದವಿ. ಎಲ್ಲಕ್ಕಿಂತ ಚಿಕ್ಕದು 37, ಅದಕ್ಕೆ ಮುಖ್ಯಮಂತ್ರಿ ಪದವಿ. ಹೀಗೆ ಕರ್ನಾಟಕದಲ್ಲಿ ಸಂಖ್ಯೆಗಳ ಹಿರಿಮೆ ಕಿರಿಮೆ ತಿರುಗಿ ನಿಂತಿತು. 78ಕ್ಕೆ 37 ಕೂಡಿಸಿದರೆ 115, ಬಹುಮತಕ್ಕೆ ಧಾರಾಳ. ಹದಿನಾಲ್ಕು ತಿಂಗಳು ಕಳೆದು 2019ರ ಜುಲೈ 23ರಂದು ವಿಶ್ವಾಸಮತ ಹಾಕಿ ನೋಡಿದರೆ ಅದೇ ಮೊತ್ತ 99 ಆಗಿತ್ತು, ಎದುರಿಗೆ 105. ನಡುವೆ ಕೆಲವು ಅಂಕಿಗಳು ಮುಂಬೈಯ ಹೋಟೆಲಿನಲ್ಲಿ ಇದ್ದವು. ಅಂಕಿಗಳಿಗೆ ಕಾಲು ಬರುವುದನ್ನು ಗಣಿತಜ್ಞರು ಇನ್ನೂ ವ್ಯಾಖ್ಯಾನಿಸಿಲ್ಲ. ನಮ್ಮಲ್ಲಿ ಅದಕ್ಕೆ ಹೆಸರಿದೆ, ಆಪರೇಷನ್ ಎಂದೇ ಕರೆಯುತ್ತಾರೆ. ಮಹಾವೀರಾಚಾರ್ಯನ ಎಂಟು ಪರಿಕರ್ಮಗಳಿಗೆ ಒಂಬತ್ತನೆಯದನ್ನು ಸೇರಿಸಿದ ಕೀರ್ತಿಯೂ ಹೀಗೆ ಈ ನೆಲಕ್ಕೇ ಬಂತು.

ಲೋಕಸಭೆಯ ಲೆಕ್ಕ ಇನ್ನೂ ಸೊಗಸು. 2014ರಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಒಬ್ಬರಿಗೊಬ್ಬರು ಬೈದುಕೊಂಡು ಬೇರೆಬೇರೆ ನಿಂತವು. ಅವರಿಗೆ 9, ಇವರಿಗೆ 2. 2019ರಲ್ಲಿ ಒಟ್ಟಿಗೆ ನಿಂತರೆ ಹನ್ನೊಂದಕ್ಕಂತೂ ಮೋಸವಿಲ್ಲ, ಮತಗಳು ಕೂಡಿದರೆ ಇಪ್ಪತ್ತು ದಾಟಬಹುದು ಎಂದು ಸಿಂಪಲ್ ಲೆಕ್ಕದವರು ಪರದೆಯ ಮೇಲೆ ಬಾಣ ಎಳೆದು ತೋರಿಸಿದರು. ಒಟ್ಟಿಗೆ ನಿಂತರು. ಫಲಿತಾಂಶ ಬಂತು. ಕಾಂಗ್ರೆಸ್ಸಿಗೆ ಒಂದು, ಜೆಡಿಎಸ್‌ಗೆ ಒಂದು. ಒಂದೂ ಒಂದೂ ಎರಡು! ವೈಟ್‌ಹೆಡ್ಡೂ ರಸೆಲ್ಲೂ ಹತ್ತು ವರ್ಷ ತೆಗೆದುಕೊಂಡ ಸಾಧನೆಯನ್ನು ಕರ್ನಾಟಕದ ಮತದಾರರು ಎರಡು ಹಂತದಲ್ಲಿ ಮುಗಿಸಿಕೊಟ್ಟರು.

ಅಲ್ಲಿಗೆ ಪಾಠ ಕಲಿಯಬಹುದಿತ್ತು. ಆದರೆ ಕೂಡುವ ಆಸೆ ದೊಡ್ಡದು. 2019ರಲ್ಲಿ ಬಿಜೆಪಿಗೆ 25 ಬಂದಿತ್ತು, ಜೆಡಿಎಸ್‌ಗೆ 1. ಇಬ್ಬರೂ 2024ಕ್ಕೆ ಕೈ ಜೋಡಿಸಿದರು. ಇಪ್ಪತ್ತೈದೂ ಒಂದೂ ಇಪ್ಪತ್ತಾರು, ಇನ್ನೆರಡು ಸೇರಿಸಿ ಇಪ್ಪತ್ತೆಂಟೂ ನಮ್ಮದೇ ಎಂದು ಮತ್ತೆ ಬಾಣಗಳು ಹೊರಟವು. ಬಂದದ್ದು 17ಕ್ಕೆ 2, ಒಟ್ಟು ಹತ್ತೊಂಬತ್ತು. ಕಾಂಗ್ರೆಸ್ಸಿಗೆ 9. ಈಗ ಒಂದು ಕಾಗದ ತೆಗೆದುಕೊಂಡು 2014ರ ಸಂಖ್ಯೆಗಳನ್ನು ಪಕ್ಕದಲ್ಲಿ ಬರೆಯಿರಿ: ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಹತ್ತು ವರ್ಷ ಅವರು ಇವರೊಂದಿಗೆ ಕೂಡಿ, ಇವರು ಅವರಿಂದ ಕಳೆದು, ಆಣೆ ಪ್ರಮಾಣ ಮಾಡಿ, ಮುರಿದು, ಅಪ್ಪಿಕೊಂಡು ಅತ್ತು, ಕೊನೆಗೆ ಪ್ರತಿ ಪಕ್ಷವೂ ಹೊರಟ ಅಂಕಿಗೇ ಬಂದು ನಿಂತಿದೆ. ಒಂದಾದರೂ ಆಚೀಚೆ ಇಲ್ಲ.

ಇದಕ್ಕೆ ಪಂಡಿತರ ಹತ್ತಿರ ಒಂದು ಸಿದ್ಧ ಉತ್ತರವಿದೆ. "ಅರಿತ್ಮೆಟಿಕ್ ಸರಿಯಿತ್ತು, ಕೆಮಿಸ್ಟ್ರಿ ಕೈಕೊಟ್ಟಿತು." ಪ್ರತಿ ಚುನಾವಣೆಯ ಮಾರನೇ ದಿನ ಹೀಗೆ ರಸಾಯನಶಾಸ್ತ್ರದ ಮೇಲೆ ಹೊರಿಸಿ ಗಣಿತವನ್ನು ಕಾಪಾಡುತ್ತಾರೆ. ಆದರೆ ಅರಿತ್ಮೆಟಿಕ್ ಯಾವಾಗ ಸರಿಯಿತ್ತು? ಹಳೆ ಮೈಸೂರಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷದಿಂದ ಎದುರಿನ ಬೀದಿಯವರ ವಿರುದ್ಧ ವೋಟು ಹಾಕುತ್ತ ಬಂದವನನ್ನು ಒಂದು ಎಂದು ಹಿಡಿದರು. ಅವನು ವಿರುದ್ಧ ಹಾಕುತ್ತಿದ್ದ ಎದುರು ಬೀದಿಯವನನ್ನೂ ಒಂದು ಎಂದು ಹಿಡಿದರು. ಕೂಡಿಸಿ ಎರಡು ಅಂದರು. ಒಂದು ಇನ್ನೊಂದರ ಮೇಲಿನ ಸಿಟ್ಟೇ ಆಗಿರುವಾಗ ಅವೆರಡನ್ನು ಕೂಡಿಸಿದರೆ ಸೊನ್ನೆ. ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದಾನೆ, ಧನವೂ ಋಣವೂ ಸಮವಾಗಿದ್ದರೆ ಮೊತ್ತ ಶೂನ್ಯ ಎಂದು. ಮತದಾರ ಅದನ್ನು ಓದಿಕೊಂಡಿದ್ದಾನೆ. ಹೈಕಮಾಂಡ್ ಓದಿಲ್ಲ.

ಇದುವರೆಗೆ ಹೇಳಿದವರೆಲ್ಲ ಕನಿಷ್ಠ ಕೂಡುವ ನಿಯಮ ಏನು ಎಂಬುದರಲ್ಲಾದರೂ ಒಮ್ಮತದವರು. ಅಮೆರಿಕದ ಸಾಲ್ ಕ್ರಿಪ್ಕಿ 1982ರ ಪುಸ್ತಕವೊಂದರಲ್ಲಿ ಅದಕ್ಕೂ ಕೊಕ್ಕೆ ಹಾಕಿದರು. 68ಕ್ಕೆ 57 ಕೂಡಿಸಿದರೆ 125 ಅನ್ನುತ್ತೀರಿ. ಅಷ್ಟು ದೊಡ್ಡ ಸಂಖ್ಯೆಗಳನ್ನು ನೀವು ಹಿಂದೆಂದೂ ಕೂಡಿಸಿಲ್ಲ ಎಂದಿಟ್ಟುಕೊಳ್ಳಿ. ಹಾಗಾದರೆ ನೀವು ಇದುವರೆಗೆ ಅನುಸರಿಸಿದ್ದು ಕೂಡುವ ನಿಯಮವನ್ನೇ ಎಂದು ಏನು ಗ್ಯಾರಂಟಿ? 57ಕ್ಕಿಂತ ಕಡಿಮೆ ಸಂಖ್ಯೆಗಳಾದರೆ ಕೂಡು, ಇಲ್ಲವಾದರೆ ಉತ್ತರ 5 ಎಂದು ಬಿಡು ಎಂಬ ಬೇರೊಂದು ನಿಯಮವಿದ್ದರೂ ಇದುವರೆಗಿನ ನಿಮ್ಮ ಉತ್ತರಗಳೆಲ್ಲ ಹೀಗೆಯೇ ಇರುತ್ತಿದ್ದವಲ್ಲ? ವಿದೇಶದ ತತ್ವಶಾಸ್ತ್ರ ವಿಭಾಗಗಳು ಇದರ ಮೇಲೆ ದಶಕಗಳಿಂದ ಪ್ರಬಂಧ ಬರೆಯುತ್ತಿವೆ. ಬೆಂಗಳೂರಿನ ಆಟೊ ಹತ್ತುವವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಮಧ್ಯಾಹ್ನದವರೆಗೆ ಮೀಟರು ಕಿಲೋಮೀಟರಿಗೆ ಇಷ್ಟು ಎಂದು ಶಿಸ್ತಾಗಿ ಕೂಡುತ್ತದೆ. ಮೋಡ ಕವಿಯುತ್ತದೆ. ಅದೇ ದಾರಿ, ಅದೇ ಮೀಟರು, ಅದೇ ಚಾಲಕರು. ಮೊದಲ ಹನಿ ಬಿದ್ದ ಕ್ಷಣದಿಂದ ಬೇರೆ ನಿಯಮ. "ಮೀಟರ್ ಮೇಲೆ ಎಂಬತ್ತು ಕೊಡಿ ಸಾರ್." ಹಿಂದಿನ ಪ್ರಯಾಣಗಳಲ್ಲಿ ನೀವು ನೋಡಿದ್ದು ಸಂಕಲನವಾಗಿರಲಿಲ್ಲ. ಮಳೆ ಬರುವ ತನಕ ಸಂಕಲನದ ಹಾಗೆ ಕಾಣುವ ಮತ್ತೇನೋ ಆಗಿತ್ತು. ಕ್ರಿಪ್ಕಿಗೆ ಒಂದು ಮಳೆಗಾಲ ಇಲ್ಲಿ ಕಳೆಯಲು ಸಿಕ್ಕಿದ್ದರೆ ಪುಸ್ತಕ ಇನ್ನೂ ತೆಳ್ಳಗಾಗುತ್ತಿತ್ತು.

ಇಷ್ಟೆಲ್ಲ ಅನುಮಾನಗಳ ಮಧ್ಯೆ ಒಂದನ್ನು ಕೂಡಿಸುವ ಕೆಲಸವನ್ನು ಭಕ್ತಿಯಿಂದ ನಡೆಸಿಕೊಂಡು ಬಂದಿರುವುದು ಮುಯ್ಯಿ ಹಾಕುವವರು. ನೂರು ಕೊಡುವುದಿಲ್ಲ, ನೂರಾ ಒಂದು. ಐನೂರಲ್ಲ, ಐನೂರಾ ಒಂದು. ಲಕೋಟೆ ಮಾಡುವವರು ಈಗ ಆ ಒಂದು ರೂಪಾಯಿ ನಾಣ್ಯವನ್ನು ಮೂಲೆಯಲ್ಲಿ ಅಂಟಿಸಿಯೇ ಮಾರುತ್ತಾರೆ. ಪೂರ್ಣ ಸಂಖ್ಯೆ ಕೊಟ್ಟರೆ ಲೆಕ್ಕ ಮುಗಿದಂತೆ ಆಗುತ್ತದೆ, ಒಂದು ಸೇರಿಸಿದರೆ ಸಂಬಂಧ ಮುಂದುವರಿಯುತ್ತದೆ ಎಂದು ಹಿರಿಯರ ವಿವರಣೆ. ಇಟಲಿಯ ಜೂಸೆಪ್ಪೆ ಪೆಯಾನೊ 1889ರಲ್ಲಿ ಎಲ್ಲ ಅಂಕಗಣಿತವನ್ನೂ ಕಟ್ಟಿದ್ದು ಇದೊಂದೇ ಕ್ರಿಯೆಯ ಮೇಲೆ. ಈಗ ಪಾಠ ಹೇಳುವ ಕ್ರಮದಲ್ಲಾದರೆ, ಸೊನ್ನೆ ಇದೆ. ಪ್ರತಿ ಸಂಖ್ಯೆಗೂ ಒಂದು ಉತ್ತರಾಧಿಕಾರಿ ಇದೆ. ಎರಡು ಬೇರೆ ಸಂಖ್ಯೆಗಳಿಗೆ ಒಂದೇ ಉತ್ತರಾಧಿಕಾರಿ ಇರುವಂತಿಲ್ಲ. (ರಾಜಕೀಯ ಕುಟುಂಬಗಳಲ್ಲಿ ಇದರ ತಿರುವುಮುರುವು. ಒಬ್ಬರಿಗೇ ನಾಲ್ಕು ಉತ್ತರಾಧಿಕಾರಿಗಳು, ನಾಲ್ವರಿಗೂ ಟಿಕೆಟ್ ಬೇಕು.) ಕೂಡುವುದೆಂದರೆ ಮುಂದಿನದಕ್ಕೆ, ಅದರ ಮುಂದಿನದಕ್ಕೆ ಹೋಗುತ್ತಿರುವುದು, ಅಷ್ಟೇ. ಕೊನೆಯ ಸಂಖ್ಯೆ ಎಂಬುದಿಲ್ಲ. ಕೊನೆಯ ಮುಯ್ಯಿಯೂ ಇಲ್ಲ. ನಿಮ್ಮ ಮಗಳ ಮದುವೆಗೆ ಅವರು ಐನೂರಾ ಒಂದು ಹಾಕಿದ್ದರೆ ಅವರ ಮಗನ ಮದುವೆಗೆ ನೀವು ಅಷ್ಟೇ ಹಾಕುವ ಹಾಗಿಲ್ಲ, ಪುಸ್ತಕ ತೆಗೆದು ನೋಡಿ ಒಂದು ಮೆಟ್ಟಿಲು ಮೇಲೆ ಹಾಕಬೇಕು.

ಈಚೆಗೆ ಮಂಟಪದ ಬಾಗಿಲಲ್ಲಿ, ಗಂಧದ ತಟ್ಟೆ, ಸಕ್ಕರೆ ಬಟ್ಟಲಿನ ಪಕ್ಕ ಕ್ಯೂಆರ್ ಕೋಡಿನ ಫಲಕ ಬಂದಿದೆ. ಮುಯ್ಯಿ ಬರೆಯಲು ಕೂತ ಚಿಕ್ಕಪ್ಪನ ಕೈಯಲ್ಲಿ ಪೆನ್ನಿನ ಬದಲು ಫೋನು. ನೆಂಟರು ಸರತಿಯಲ್ಲಿ ಬಂದು ಫೋನು ಚಾಚುತ್ತಾರೆ. ಯಾರ ಖಾತೆಗೋ ಹೋದೀತು ಎಂಬ ಭಯಕ್ಕೆ, ಹೆಸರು ಸರಿಯಾಗಿ ಬರುತ್ತದೋ ನೋಡೋಣವೆಂದು ಮೊದಲು ಒಂದು ರೂಪಾಯಿ ಕಳಿಸುತ್ತಾರೆ. ಟಿಣ್ ಅನ್ನುತ್ತದೆ. "ಬಂತಾ ಚಿಕ್ಕಪ್ಪಾ?" "ಬಂತಪ್ಪ, ಒಳಗೆ ಹೋಗು, ಎರಡನೇ ಪಂಕ್ತಿಗೆ ಎಲೆ ಹಾಕ್ತಾ ಇದಾರೆ." ಎಲೆ ಎಂದ ಕೂಡಲೇ ಐನೂರು ಮರೆತುಹೋಗುತ್ತದೆ. ರಾತ್ರಿ ಹೆಣ್ಣಿನ ತಂದೆ ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ಓದಿ ಕೂಡಿಸುತ್ತ ಹೋದರೆ, ಉದ್ದಕ್ಕೂ ಸೊನ್ನೆಯ ಉತ್ತರಾಧಿಕಾರಿಗಳೇ. ಅಷ್ಟರಲ್ಲಿ ಭಟ್ಟರಿಂದ ಫೋನು: ವಾಲಗದವರ ಎಂಟು ಎಲೆ ಸೇರಿಸುವುದು ಬಿಟ್ಟುಹೋಗಿದೆಯಂತೆ.